ಹೊರಗೆ ಕೂರುವ ಮೂರು ದಿನ

ಮೊದಲು ಏದುಸಿರು ಬಂದದ್ದು ಬಾವಿಕಟ್ಟೆಯಲ್ಲಿ. ಎರಡನೇ ಮಗಳಿಗೆ ಆಗ ಐದು ತಿಂಗಳು. ಅರ್ಧ ಕೊಡ ಸೇದುವಷ್ಟರಲ್ಲಿ ಕೂತುಬಿಟ್ಟೆ. ಪಾದ ಊದಿ ಕಾಲುಂಗುರ ಕಚ್ಚುತ್ತಿತ್ತು. "ಬಾಣಂತನ ಸರಿಯಾಗಿಲ್ಲ," ಎಂದರು ಅತ್ತೆ. ಬಾಣಂತನ ಮಾಡಿದ್ದು ನಮ್ಮಮ್ಮ. ಅವಳಿಗೂ ಒಂದು ಕುಟುಕಿದಂತಾಯಿತು.

ಅರಸೀಕೆರೆಯ ರೈಲ್ವೆಯಲ್ಲಿ ಗುಮಾಸ್ತರಾದ ನಮ್ಮವರು ರಜೆ ಹಾಕಿ ಹಾಸನದ ಲೇಡಿ ಡಾಕ್ಟರ ಹತ್ತಿರ ಕರೆದೊಯ್ದರು. ಆಕೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು.

"ಹಾರ್ಟ್ ವೀಕಾಗಿದೆ. ಇನ್ನೊಂದು ಬಸಿರು ಇವರು ತಡೆಯೋಲ್ಲ."

ನನಗೆ ಇಪ್ಪತ್ತೆರಡು.

ನಮ್ಮವರು ಕಿಟಕಿ ನೋಡುತ್ತಿದ್ದರು. ಬಾಯಿಬಿಟ್ಟು ಕೇಳಿದವಳು ನಾನೇ. "ಆಗದ ಹಾಗೆ ಏನ್ ಮಾಡ್ಬೇಕು?" ಡಾಕ್ಟರು ನಗಲಿಲ್ಲ, ಗದರಲಿಲ್ಲ. ಗರ್ಭಕೋಶದ ಚಿತ್ರ ಬರೆದು ಇಬ್ಬರಿಗೂ ವಿವರಿಸಿದರು. ಎರಡು ಹೆತ್ತಿದ್ದೆ, ಅನ್ನ ಹೋಗುವ ಜಾಗ ಬೇರೆ, ಮಗು ಕೂರುವ ಜಾಗ ಬೇರೆ ಎಂದು ಗೊತ್ತಾದದ್ದು ಅವತ್ತೇ. ಕಾಲೇಜು ಓದಿದ್ದ ನಮ್ಮವರಿಗೂ ಅವತ್ತೇ. ನನಗೆ ನಾಚಿಕೆಗಿಂತ ಸಿಟ್ಟು ಬಂತು. ಡಾಕ್ಟರು ಒಂದು ರಬ್ಬರಿನ ಕ್ಯಾಪ್ ಕೊಟ್ಟು, ಒಳಗಿಟ್ಟುಕೊಳ್ಳುವುದನ್ನು ಕಲಿಸಿ, "ಇದೂ ಪೂರ್ತಿ ಗ್ಯಾರಂಟಿ ಅಲ್ಲ," ಎಂದರು.

ಆ ಮಾತು ನನ್ನ ನೆಮ್ಮದಿ ಕೆಡಿಸಿತು.

ನಮ್ಮಲ್ಲಿ ಮುಟ್ಟಾದರೆ ಮೂರು ದಿನ ಹಿತ್ತಿಲ ಕೋಣೆಯಲ್ಲಿ ಹೊರಗೆ ಕೂರಬೇಕು. ಹಾಗಾಗಿ ಸೊಸೆಯ ತಿಂಗಳ ದಿನಗಳು ಅತ್ತೆಗೆ ಬಾಯಿಪಾಠ. ದಿನ ತಪ್ಪಿದರೆ ಅವರಿಗೆ ಮೊಮ್ಮಗನ ಆಸೆ, ನನಗೆ ಎರಡು ಕೂಸುಗಳನ್ನು ಬಿಟ್ಟುಹೋಗುವ ಭಯ. ಡಾಕ್ಟರು ಹೇಳಿದ್ದನ್ನು ಅವರಿಗೆ ತಿಳಿಸುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ.

ಒಂದು ಸಲ ಒಂಬತ್ತು ದಿನ ತಪ್ಪಿತು.

ಅತ್ತೆ ನನಗೆ ಮಲ್ಲಿಗೆ ಮುಡಿಸಿ, "ಹುಳಿ ಏನಾದ್ರೂ ತಿನ್ಬೇಕು ಅನ್ಸುತ್ತಾ?" ಎಂದರು. ಊಟಕ್ಕೆ ಕೂತಿದ್ದ ನಮ್ಮವರು ಎಲೆ ಬಿಟ್ಟು ಎದ್ದುಹೋದರು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಈಗ ಬಸುರಾದ್ರೆ ನಾನು ಉಳಿಯೋಲ್ಲ ಅಂದಿದಾರೆ ಡಾಕ್ಟ್ರು. ಆಗದ ಹಾಗೆ ನೋಡ್ಕೋತಿದ್ವಿ."

ಬೈಯುತ್ತಾರೆಂದುಕೊಂಡೆ. ಒಂಬತ್ತು ಹೆತ್ತು ಮೂವರನ್ನು ಉಳಿಸಿಕೊಂಡವರು. ಕಂಬಕ್ಕೊರಗಿ ಕೂತರು.

"ಐದನೇದ್ರ ಹೊತ್ಗೇ ನಂಗೆ ಸಾಕಾಗಿತ್ತು ಕಣೇ. ಯಾರನ್ನ ಕೇಳ್ಬೇಕು ಅಂತ್ಲೇ ಗೊತ್ತಿರ್ಲಿಲ್ಲ."

ಹನ್ನೊಂದನೇ ದಿನ ಬೆಳಗ್ಗೆ ಹೊಟ್ಟೆನೋವು ಬಂದು ಹೊರಗಾದೆ. ಹಿತ್ತಿಲ ಕೋಣೆಯಲ್ಲಿ ಕೂತವಳಿಗೆ ಅಳು ನಿಲ್ಲಲಿಲ್ಲ. ಆ ಕತ್ತಲೆ ಕೋಣೆಯನ್ನು ಕಂಡು ಅಷ್ಟು ಸಂತೋಷಪಟ್ಟವಳು ನಾನೊಬ್ಬಳೇ ಇರಬೇಕು.

ಏದುಸಿರು ಪೂರ್ತಿ ಹೋಗಿಲ್ಲ. ಔಷಧಿ ನಡೆದಿದೆ, ಊತ ಇಳಿದಿದೆ. ದಿನ ಹತ್ತಿರ ಬಂದಾಗ ಈಗಲೂ ಎದೆ ಡವಗುಟ್ಟುತ್ತದೆ. ಮೊನ್ನೆ ಬೇಲೂರಿಗೆ ಹೋಗಿದ್ದ ಅತ್ತೆ, ಚೆನ್ನಕೇಶವನಿಗೆ ತುಪ್ಪದ ದೀಪ ಹರಸಿಕೊಂಡು ಬಂದೆ ಎಂದರು. ಯಾತಕ್ಕೆ ಎಂದು ಕೇಳಿದೆ.

"ನೀನು ತಿಂಗಳು ತಿಂಗಳು ತಪ್ಪದೆ ಹೊರಗೆ ಕೂರ್ಲಿ ಅಂತ."