ಗೋಡೆಯ ಮೇಲಿನ ರಸ್ತೆ

ಆ ವರ್ಷ ನನಗೆ ಕೆಂಗಣ್ಣಾಗಿತ್ತು. ಕುಂದಾಪುರದ ಬಟ್ಟೆ ಅಂಗಡಿಯ ಕೆಲಸಕ್ಕೆ ರಜೆ ಹಾಕಿ, ಬಸ್ರೂರಿನ ನಮ್ಮ ಮನೆಯ ರಸ್ತೆ ಕಡೆಯ ಕೋಣೆಯಲ್ಲಿ ಕಿಟಕಿ, ಬಾಗಿಲು ಮುಚ್ಚಿಕೊಂಡು ಮಲಗಿರುತ್ತಿದ್ದೆ. ಬೆಳಕು ತಾಗಿದರೆ ಕಣ್ಣು ಉರಿಯುತ್ತಿತ್ತು.

ಉರಿ ಸ್ವಲ್ಪ ಇಳಿದ ಒಂದು ಮಧ್ಯಾಹ್ನ ಕಣ್ಣು ಬಿಟ್ಟರೆ ಎದುರು ಗೋಡೆಯ ಮೇಲೆ ಏನೋ ಅಲುಗಾಡುತ್ತಿತ್ತು. ಕೆಳಗೆ ಮಸುಕು ನೀಲಿ, ಮೇಲೆ ತೆಂಗಿನ ಮರಗಳ ಬುಡ. ನಡುವೆ ಬಸ್ಸೊಂದು ಚಕ್ರ ಮೇಲೆ ಮಾಡಿಕೊಂಡು ತೇಲಿಹೋಯಿತು. ಅದರ ಹಾರನ್ ಮಾತ್ರ ನನ್ನ ಬೆನ್ನ ಹಿಂದೆ ಕೇಳಿತು. ಕನಸೇ ಇರಬೇಕು ಎಂದುಕೊಂಡೆ.

ಬೆಳಗಿನ ಮೀನು ವ್ಯಾಪಾರ ಮುಗಿಸಿ ಬಂದ ಅತ್ತೆ ಬಾಗಿಲು ತೆರೆದಾಗ ಎಲ್ಲ ಅಳಿಸಿಹೋಯಿತು. ಮುಚ್ಚಿದಾಗ ಮರಳಿ ಬಂತು. ಅವರು ಗೋಡೆ ನೋಡುತ್ತ ಅಲ್ಲೇ ನಿಂತರು.

“ಇದೆಂತ ಮಾರಾಯ್ತಿ? ಮರ ಎಲ್ಲ ಮಂಡೆ ಕೆಳ್ಗ್ ಮಾಡ್ಕಂಡ್ ನಿಂತ್ಕಂಡಿತ್ತಲೆ!”

ಕಿಟಕಿಯ ಹಲಗೆಯಲ್ಲಿ ಚಿಲಕದ ಮೊಳೆ ಉದುರಿದ ತೂತಿತ್ತು. ಶಾಲೆಯ ಪಾಠ ನೆನಪಾಯಿತು.

“ಬೆಳಕು ನೆಟ್ಟಗೇ ಹೋಪ್ದ್ ಅತ್ತೆ. ಮರದ ತುದಿಯಿಂದ ಬಂದದ್ದ್ ತೂತಿನೊಳ್ಗ್ ನುಗ್ಗಿ ಕೆಳ್ಗ್ ಬೀಳತ್ತ್, ಬುಡದ್ದ್ ಮೇಲ್ ಹೋತ್ತ್.”

ಚಿತ್ರ ಇನ್ನಷ್ಟು ಬೆಳಗಲಿ ಎಂದು ಸ್ಕ್ರೂಡ್ರೈವರ್ ತಿರುವಿ ತೂತು ದೊಡ್ಡದು ಮಾಡಿದೆ. ಬೆಳಕೇನೋ ಹೆಚ್ಚಿತು, ಆದರೆ ಒಂದೊಂದು ಎಲೆಯ ಬೆಳಕೂ ಅಗಲವಾಗಿ ಹರಡಿ ಮರ, ರಸ್ತೆ ಎಲ್ಲ ಕಲಸಿಹೋದವು.

“ಹಾಳ್ ಮಾಡ್ದೆ ಕಾಣ್,” ಎಂದರು ಅತ್ತೆ.

ಹಳೆಯ ಮದುವೆ ಕಾಗದದ ದಪ್ಪ ರಟ್ಟನ್ನು ತೂತಿಗೆ ಅಂಟಿಸಿ, ದಬ್ಬಣದಿಂದ ಸಣ್ಣದಾಗಿ ಚುಚ್ಚಿದೆ. ಚಿತ್ರ ಮೊದಲಿಗಿಂತ ಮಬ್ಬಾಯಿತು; ಆದರೆ ತೆಂಗಿನ ಗರಿಗಳು ಬಿಡಿಬಿಡಿಯಾಗಿ ಕಂಡವು.

“ನಾ ಹೊರ್ಗ್ ಹೋಯಿ ನಿಂತ್ಕಂತೆ. ನೀ ಕಾಣ್,” ಎಂದು ಅತ್ತೆ ಹೊರಟರು.

ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ಹಸಿರು ಸೀರೆ ಮೂಡಿತು. ಗೇಣುದ್ದದ ಅತ್ತೆ, ತಲೆಕೆಳಗಾಗಿ, ಬಿಸಿಲಲ್ಲಿ ಕೈ ಬೀಸುತ್ತಿದ್ದರು. ದಿನವೂ ಜೊತೆಯಲ್ಲೇ ಕೂತು ಉಣ್ಣುವ ಅವರನ್ನು ಅಷ್ಟು ಹೊತ್ತು ಸುಮ್ಮನೆ ನೋಡಿದ್ದು ಅದೇ ಮೊದಲು. ಅವರಿಗೆ ಕಾಣದು ಎಂದು ಗೊತ್ತಿದ್ದೂ ನಾನೂ ಕತ್ತಲಲ್ಲಿ ಕೈ ಬೀಸಿದೆ. ಅಷ್ಟರಲ್ಲಿ ಸ್ಕೂಟರೊಂದು ಅವರ ಪಕ್ಕ ಬಂದು ನಿಂತಿತು.

“ಹ್ವಾಯ್, ಯಾರಿಗೆ ಕೈ ಬೀಸೂದ್?” ಸವಾರನ ದನಿ.

“ಸೊಸೆಗೆ!” ಎಂದು ಅತ್ತೆ ಮುಚ್ಚಿದ ಕಿಟಕಿಯತ್ತ ಬೆರಳು ತೋರಿಸಿದರು.

ಒಳಗೆ ಬಂದವರೇ ಕೇಳಿದರು, “ಹ್ಯಾಂಗ್ ಕಂಡೆ?”

“ಚಂದ ಕಂಡ್ರಿ ಅತ್ತೆ.”

“ಹಂಗಾರೆ ಈಗ ನೀ ಹೋಗ್.”

ಅವರು ಚಾಪೆ ಬಿಡಿಸಿ ಕಾಲು ಚಾಚಿದರು. ನಾನು ದುಪಟ್ಟಾವನ್ನು ಕಣ್ಣಿಗೆ ಮರೆಮಾಡಿಕೊಂಡು ರಸ್ತೆ ದಾಟಿ ನಿಂತು ಕೈ ಬೀಸಿದೆ, ನಕ್ಕೆ, ಒಂದು ಸುತ್ತು ತಿರುಗಿದೆ. ಒಳಗಿನಿಂದ ಕರೆ ಬರಲೇ ಇಲ್ಲ. ಮರಳಿ ಬಂದು ನೋಡಿದರೆ ಅವರಿಗೆ ನಿದ್ದೆ ಹತ್ತಿತ್ತು. ಒಳಗೆ ಸೇರಿ ಬಾಗಿಲನ್ನು ಮೆಲ್ಲಗೆ ಎಳೆದುಕೊಂಡೆ. ಗೋಡೆಯ ಮೇಲೆ ಸೈಕಲ್ಲೊಂದು, ಆಕಾಶಕ್ಕೆ ಬೆನ್ನು ಕೊಟ್ಟು, ಅವರ ತಲೆಯ ಮೇಲಿಂದ ನಿಧಾನವಾಗಿ ಸಾಗಿತು.