ಬಾ ಎಂದದ್ದು ಯಾವ ಕಡೆಗೆ

ದೆವ್ವ ಕಂಡೆ ಎನ್ನುವವರ ಮಾತು ಕೇಳಿದರೆ ನನಗೆ ಮೊದಲಿನಿಂದಲೂ ನಗು ಬರುತ್ತಿತ್ತು. ನಮ್ಮ ಶಿಕಾರಿಪುರದ ಕಡೆ ಹತ್ತು ಜನ ಕೂತರೆ ಇಬ್ಬರಿಗಾದರೂ ಏನಾದರೊಂದು ಕಂಡಿರುತ್ತದೆ. ಕಂಡ ಹೊತ್ತಿನಲ್ಲಿ ಒಬ್ಬರ ಕೈಯಲ್ಲೂ ಟಾರ್ಚ್ ಮಾತ್ರ ಇರುವುದಿಲ್ಲ. ಮುಂದೆ ನಾನೂ ಅಂಥದೊಂದು ಕಥೆ ಹೇಳಲು ಕೂರುತ್ತೇನೆಂದು ಯಾರಾದರೂ ಅಂದಿದ್ದರೆ ಪಂದ್ಯ ಕಟ್ಟುತ್ತಿದ್ದೆ. ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಅಷ್ಟೆ.

ಒಂಬತ್ತು ವರ್ಷ ನಾನು ಸೈಕಲ್ ರೇಸಿನಲ್ಲಿ ಸ್ಪ್ರಿಂಟರ್ ಆಗಿದ್ದೆ. ಅದೇ ನನ್ನ ಅನ್ನ. ನೂರೈವತ್ತು ಕಿಲೋಮೀಟರಿನ ರೇಸಿನಲ್ಲಿ ಸ್ಪ್ರಿಂಟರನ ನಿಜವಾದ ಕೆಲಸ ಕೊನೆಯ ಇನ್ನೂರು ಮೀಟರು ಮಾತ್ರ. ಅಲ್ಲಿಯವರೆಗೆ ಅವನದೇ ತಂಡದ ಒಬ್ಬ ಮುಂದೆ ಗಾಳಿ ಸೀಳುತ್ತ ಹೋಗುತ್ತಾನೆ, ಇವನು ಆ ಹಿಂದಿನ ಚಕ್ರಕ್ಕೆ ಒಂದು ಗೇಣು ಬಿಟ್ಟು ಅಂಟಿಕೊಂಡಿರುತ್ತಾನೆ. ರಸ್ತೆ ನೋಡುವಂತಿಲ್ಲ, ಮುಂದಿನವನ ಮುಖವಂತೂ ಕಾಣುವುದೇ ಇಲ್ಲ. ಚಕ್ರವನ್ನೇ ನೋಡಬೇಕು, ಚಕ್ರವನ್ನೇ ನಂಬಬೇಕು. ಕೊನೆಗೆ ಮುಂದಿನವನು ಪಕ್ಕಕ್ಕೆ ಸರಿದು ಕೂಗುತ್ತಾನೆ, ಇವನು ಅವನನ್ನು ದಾಟಿ ನುಗ್ಗುತ್ತಾನೆ. ಗೆದ್ದವನ ಫೋಟೋ ಪೇಪರಿನಲ್ಲಿ ಬರುತ್ತದೆ. ಸರಿದವನ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ನನಗಾಗಿ ಹಾಗೆ ಸರಿಯುತ್ತಿದ್ದವನು ಸೊರಬದ ಹತ್ತಿರದ ಕುಪ್ಪಗಡ್ಡೆಯ ಗಣಪಣ್ಣ. ನನಗಿಂತ ನಾಲ್ಕು ವರ್ಷ ದೊಡ್ಡವನು, ಎಡ ಹಿಮ್ಮಡಿಯನ್ನು ಹೊರಗೆ ಹಾಕಿ ತುಳಿಯುವವನು. ಬೇರೆಯವರೆಲ್ಲ ಸರಿಯುವಾಗ 'ಹೋಗು' ಎಂದು ಕೂಗುತ್ತಾರೆ. ಗಣಪಣ್ಣ ಮಾತ್ರ 'ಬಾ' ಎನ್ನುತ್ತಿದ್ದ. ಅವನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದ್ದು ಅಕ್ಕ ಸಾವಿತ್ರಕ್ಕ, ಅಂಗನವಾಡಿ ಟೀಚರು. ಹೊರಟವರಿಗೆ 'ಹೋಗು' ಅನ್ನಬಾರದು, 'ಹೋಗಿ ಬಾ' ಅನ್ನಬೇಕು ಎಂಬುದು ಅವಳ ಕಟ್ಟಳೆ. ಅರವತ್ತರ ವೇಗದಲ್ಲಿ ಎರಡು ಮಾತಿಗೆ ಉಸಿರೆಲ್ಲಿರುತ್ತದೆ? ಹಾಗಾಗಿ ಒಂದನ್ನು ಉಳಿಸಿಕೊಂಡಿದ್ದ. ತಂಡದವರು ಎಷ್ಟು ಆಡಿಕೊಂಡರೂ ಅವನು ಬಿಡಲಿಲ್ಲ.

ಒಂದು ರೇಸಿನಲ್ಲಿ ಅವನು 'ಬಾ' ಎಂದ, ನಾನು ನುಗ್ಗಿದೆ, ಗೆದ್ದು ಎರಡೂ ಕೈ ಎತ್ತಿದೆ. ಅದೇ ಹೊತ್ತಿಗೆ ನನ್ನ ಹಿಂದೆ ಗಣಪಣ್ಣನಿಗೆ ಇನ್ನೊಬ್ಬನ ಸೈಕಲ್ ತಾಗಿ, ತಲೆ ರಸ್ತೆಯಂಚಿನ ಕಲ್ಲಿಗೆ ಬಡಿದಿತ್ತು. ನಾನು ಕೈ ಎತ್ತಿದ ಫೋಟೋದಲ್ಲಿ ಅವನು ಬೀಳುತ್ತಿರುವುದು ಮಸುಕಾಗಿ ಕಾಣುತ್ತದೆ. ನಾಲ್ಕನೇ ದಿನ ತೀರಿಕೊಂಡ.

ಕುಪ್ಪಗಡ್ಡೆಯ ಅವರ ಅಂಗಳದಲ್ಲಿ ಅವನನ್ನು ಮಲಗಿಸಿದ್ದರು. ಮರುದಿನ ಬೇರೆ ಊರಲ್ಲಿ ರೇಸ್ ಇತ್ತು, ತಂಡದ ಗಾಡಿ ನನಗಾಗಿ ಕಾಯುತ್ತಿತ್ತು. ಅವನ ಕಾಲು ಮುಟ್ಟಿ ಏಳುವಾಗ ರೂಢಿಬಲದಿಂದ ಬಾಯಿಗೆ ಬಂದುಬಿಟ್ಟಿತು: "ಬರ್ತೀನಿ ಗಣಪಣ್ಣ."

ಸಾವಿನ ಮನೆಯಿಂದ ಹೊರಡುವಾಗ ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಸುಮ್ಮನೆ ಎದ್ದು ನಡೆಯಬೇಕು. ಪಕ್ಕದಲ್ಲಿದ್ದ ಮುದುಕರೊಬ್ಬರು ನನ್ನ ಮಣಿಕಟ್ಟು ಹಿಡಿದು, "ಎಂಥ ಮಾತಾಡ್ದೆ ಮಾರಾಯ, ಅದೂ ಹೋದವ್ನಿಗೆ," ಎಂದರು. ಸಾವಿತ್ರಕ್ಕ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ಆ ದುಃಖದಲ್ಲೂ ನನಗೆ ಸಿಟ್ಟು ಬಂತು. ಇವರ ಶಾಸ್ತ್ರಕ್ಕಿಷ್ಟು ಬೆಂಕಿ ಬೀಳಲಿ ಎಂದುಕೊಂಡು ಗಾಡಿ ಹತ್ತಿದೆ.

ಆಮೇಲೆ ನಾನು ಗೆಲ್ಲಲಿಲ್ಲ. ಯಾರ ಚಕ್ರದ ಹಿಂದೆ ಕೂತರೂ ಕೈ ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಎರಡು ವರ್ಷ ತಾಳಿಕೊಂಡ ಮ್ಯಾನೇಜರು, ಮುಂದಿನ ರೇಸಿನಲ್ಲೂ ಹೀಗೇ ಆದರೆ ತಂಡದಲ್ಲಿ ಜಾಗವಿಲ್ಲ ಎಂದರು. ಊರಿಗೆ ಬಂದು ದಿನಾ ಬೆಳಿಗ್ಗೆ ಶಿಕಾರಿಪುರದಿಂದ ಸೊರಬದವರೆಗೆ ಹೋಗಿ ಬರತೊಡಗಿದೆ. ನನಗೆ ಬೇರೆ ಯಾವ ಕೆಲಸವೂ ಗೊತ್ತಿರಲಿಲ್ಲ.

ಆ ದಿನ ಆರೂವರೆ ಆಗಿತ್ತೇನೋ. ಶಿರಾಳಕೊಪ್ಪ ದಾಟಿದ್ದೆ, ಮಂಜು ಬಿದ್ದಿತ್ತು. ಮುಂದೆ ಒಬ್ಬ ಸೈಕಲ್ಲಿನವನು ಕಂಡ, ರೇಸಿನವನ ಹಾಗೆ ಬಗ್ಗಿಕೊಂಡಿದ್ದ. ಈ ರಸ್ತೆಯಲ್ಲಿ ನನ್ನನ್ನು ಬಿಟ್ಟು ಇನ್ಯಾರಪ್ಪ ಎಂದು ಆಶ್ಚರ್ಯಪಡುತ್ತಲೇ ಅವನ ಹಿಂದಿನ ಚಕ್ರಕ್ಕೆ ಅಂಟಿಕೊಂಡೆ. ಅವನು ವೇಗ ಹೆಚ್ಚಿಸಿದ, ನಾನೂ ಹೆಚ್ಚಿಸಿದೆ. ಮುಖಕ್ಕೆ ಹೊಡೆಯುತ್ತಿದ್ದ ಗಾಳಿ ನಿಂತಿತು. ವೇಗದ ಮೀಟರು ಐವತ್ತೆಂಟು ತೋರಿಸುತ್ತಿತ್ತು, ನನ್ನ ಕೈ ಬ್ರೇಕಿಗೆ ಹೋಗಿರಲಿಲ್ಲ. ಆಗ ಚಕ್ರದ ಪಕ್ಕದಲ್ಲಿ ಏರಿಳಿಯುತ್ತಿದ್ದ ಎಡ ಹಿಮ್ಮಡಿಯನ್ನು ಕಂಡೆ. ಅದು ಹೊರಕ್ಕೆ ತಿರುಗಿತ್ತು.

ಹೆದರಿದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಖುಷಿಯಾಯಿತು. ಕಾಲಲ್ಲಿ ಹಳೆಯ ಬಲ ಬಂತು, ಕಣ್ಣಲ್ಲಿ ನೀರು ಬಂತು. ಅವನು ರೇಸಿನಲ್ಲಿ ಮಾಡುತ್ತಿದ್ದ ಹಾಗೆಯೇ ತಲೆಯನ್ನು ಎರಡು ಸಲ ತಗ್ಗಿಸಿ ಎಡಕ್ಕೆ ಸರಿದ.

"ಬಾ."

ನುಗ್ಗಲು ಸೀಟಿನಿಂದ ಎದ್ದವನಿಗೆ ಆ ಅಂಗಳದಲ್ಲಿ ನಾನು ಆಡಿದ ಮಾತು ನೆನಪಾಯಿತು. ಬರ್ತೀನಿ ಎಂದಿದ್ದೆ. ಈಗ ಕರೆಯುತ್ತಿದ್ದಾನೆ. ಎರಡೂ ಬ್ರೇಕು ಒಟ್ಟಿಗೆ ಅದುಮಿದೆ. ಬಿದ್ದ ರಭಸಕ್ಕೆ ಹೆಗಲಿನ ಎಲುಬು ಮುರಿದದ್ದು ನನಗೇ ಕೇಳಿಸಿತು. ತಲೆಯೆತ್ತಿ ನೋಡಿದರೆ, ಒಂದು ಮಾರು ಮುಂದೆ ರಸ್ತೆಯೇ ಇರಲಿಲ್ಲ. ಮೋರಿ ಕಟ್ಟಲು ಆಳಕ್ಕೆ ಅಗೆದಿದ್ದರು, ಒಳಗೆ ಕಬ್ಬಿಣದ ಸರಳುಗಳು ನಿಂತಿದ್ದವು. ಹಿಂದಿನ ದಿನ ಬೆಳಿಗ್ಗೆ ಅದೇ ದಾರಿಯಲ್ಲಿ ಹೋಗಿದ್ದೆ, ಏನೂ ಇರಲಿಲ್ಲ. ಎಡಕ್ಕೆ, ಅವನು ಸರಿದ ಕಡೆ, ಗದ್ದೆಯಂಚಿನಲ್ಲಿ ಮಣ್ಣಿನ ಬದಲಿ ದಾರಿ ಮಾಡಿದ್ದರು. ಅದೇ ದಾರಿಯಲ್ಲಿ ಎದುರಿನಿಂದ ಬಂದ ಹಾಲಿನ ಗಾಡಿಯವರು ನನ್ನನ್ನು ಎತ್ತಿ ಕೂರಿಸಿದರು. ಸೈಕಲ್ಲಿನವರು ಯಾರಾದರೂ ಸಿಕ್ಕರೇ ಎಂದು ಕೇಳಿದೆ. ಯಾರೂ ಸಿಗಲಿಲ್ಲ ರೀ ಎಂದರು. ಮಣ್ಣಿನಲ್ಲಿ ಚಕ್ರದ ಗುರುತು ಹುಡುಕೋಣವೆಂದರೆ ಅವರ ಗಾಡಿಯೇ ಅದನ್ನೆಲ್ಲ ತುಳಿದಿತ್ತು.

ತಿಂಗಳ ಮೇಲೆ, ಕೈಗೆ ಜೋಳಿಗೆ ಕಟ್ಟಿಕೊಂಡೇ ಕುಪ್ಪಗಡ್ಡೆಗೆ ಹೋದೆ. ಅಷ್ಟರಲ್ಲಿ ರೇಸ್ ಮುಗಿದಿತ್ತು, ತಂಡದಲ್ಲಿ ನನ್ನ ಜಾಗವೂ ಹೋಗಿತ್ತು. ಸಾವಿತ್ರಕ್ಕ ಎಲ್ಲ ಕೇಳಿಸಿಕೊಂಡಳು. ಒಂದೇ ಪ್ರಶ್ನೆ ಕೇಳಿದಳು.

"ನಿನ್ ಕಡೆ ತಿರುಗಿ ಬಾ ಅಂದ್ನಾ, ಮುಂದೆ ನೋಡ್ಕಂಡು ಅಂದ್ನಾ?"

ನನಗೆ ಗೊತ್ತಿರಲಿಲ್ಲ. ರೇಸಿನ 'ಬಾ' ಆಗಿದ್ದರೆ ನಾನು ನೇರ ಹೊಂಡಕ್ಕೆ ಹೋಗಬೇಕಿತ್ತು. ಮನೆಯಲ್ಲಿ ಎಲ್ಲರೂ ಅನ್ನುವ 'ಬಾ' ಆಗಿದ್ದರೆ, ಅವನ ಹಿಂದೆ ಎಡಕ್ಕೆ ಹೋಗಿ ಉಳಿದುಕೊಳ್ಳುತ್ತಿದ್ದೆ. ಕರೆದುಕೊಂಡು ಹೋಗಲು ಬಂದಿದ್ದನೋ, ಕಾಪಾಡಲು ಬಂದಿದ್ದನೋ? ಮುಖ ನೋಡಿದ್ದರೆ ಹೇಳಬಹುದಿತ್ತು. ನಾನು ಒಂಬತ್ತು ವರ್ಷದ ಅಭ್ಯಾಸದಂತೆ ಚಕ್ರವನ್ನೇ ನೋಡುತ್ತಿದ್ದೆ. ಈಗಲೂ ಸೈಕಲ್ ತುಳಿಯುತ್ತೇನೆ, ಯಾರ ಹಿಂದೆಯೂ ಹೋಗುವುದಿಲ್ಲ.

ಅಂದು ಹೊರಡಲು ಎದ್ದಾಗ ಮತ್ತೆ ಅದೇ ಮಾತು ನಾಲಿಗೆಗೆ ಬಂದಿತ್ತು. ಸಾವಿತ್ರಕ್ಕ ಕೈಯೆತ್ತಿ ತಡೆದಳು.

"ಇನ್ನು ಆ ಮಾತು ಬ್ಯಾಡ ತಮ್ಮಾ. ಹೋಗು."

ಹೊರಟವರಿಗೆ ಅವಳು ಹಾಗೆ ಅಂದದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. 'ಬರ್ತೀನಿ' ಎನ್ನದೆ ಅಂಗಳ ದಾಟಿದೆ.