ಗಾಳಿಕುದ್ರಿನಲ್ಲಿ ಸಿಕ್ಕಿಬಿದ್ದ ಅದ್ದು ಬ್ಯಾರಿ

ಸವಣೂರಿನ ಕೆಳಗೆ ಕುಮಾರಧಾರೆಯ ಕಡವಿನಲ್ಲಿ ಜನರನ್ನು ದೋಣಿಯಲ್ಲಿ ದಾಟಿಸುತ್ತಿದ್ದ ಅದ್ದು ಬ್ಯಾರಿ ಒಂದು ಕಾಲಕ್ಕೆ ದೊಡ್ಡ ಹಡಗಿನಲ್ಲಿ ಖಲಾಸಿಯಾಗಿದ್ದ ಎಂದರೆ ಹೊಸಬರು ನಂಬುತ್ತಿರಲಿಲ್ಲ. ಹಳಬರಿಗೆ ಗೊತ್ತಿತ್ತು. ಗೊತ್ತಿದ್ದರೂ ಸುಮ್ಮನಿರಬೇಕಲ್ಲ? "ಎಂತ ಬ್ಯಾರಿಗಳೇ, ಗಾಳಿಕುದ್ರಿನಲ್ಲಿ ಹೇಗೆ ಉಂಟು ಗಾಳಿ?" ಎಂದು ಕೆಣಕಿ ಹಲ್ಲು ಕಿಸಿಯುತ್ತಿದ್ದರು. ಇಚಿಲಂಪಾಡಿಯಿಂದ ಪುತ್ತೂರಿನ ಕೋರ್ಟಿಗೆ ಅಲೆಯುತ್ತಿದ್ದ ನಾನು ಅದೇ ದೋಣಿಯಲ್ಲಿ ಕೂತಿರುತ್ತಿದ್ದೆ. ಅವರ ನಗು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕಡವು ಅದ್ದುವಿಗೆ ಅಪ್ಪನಿಂದ ಬಂದದ್ದು. ಸಂಸಾರ ಬೆಳೆದಂತೆ ಅದು ಸಾಲದಾಯಿತು. ಕಡವನ್ನು ತಮ್ಮನಿಗೆ ಬಿಟ್ಟು ಬೊಂಬಾಯಿಗೆ ಹೋಗಿ ಹಡಗು ಹತ್ತಿದ. ಊರಿಗೆ ಬರುತ್ತಿದ್ದುದು ಅಪರೂಪ. ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಹಿರಿಮಗಳು ಝೈನಬಳಿಗೆ ಪುತ್ತೂರಿನ ಬಟ್ಟೆಯಂಗಡಿಯ ಅಲಿ ಕುಂಞಿ ಗೊತ್ತಾದ. ಹುಡುಗನ ಅಜ್ಜಿ ಹಾಸಿಗೆ ಹಿಡಿದಿದ್ದಳು. ಅವಳ ಕಣ್ಣಮುಂದೆಯೇ ಆಗಲಿ ಎಂದು, ಮೀಲಾದ್ ಹಬ್ಬ ಕಳೆದ ಕೂಡಲೇ ನಿಕಾಹ್ ಎಂದು ನಿಶ್ಚಯ ಮಾಡಿದರು.

ನಿಕಾಹಿನಲ್ಲಿ ಹುಡುಗಿಯ ಅಪ್ಪನೇ ವಲಿ. ಮದುಮಗನ ಕೈ ಹಿಡಿದು, 'ನನ್ನ ಮಗಳನ್ನು ನಿನಗೆ ಕೊಟ್ಟಿದ್ದೇನೆ' ಎಂದು ಹೇಳಬೇಕಾದವನು ಅವನು. ಮಗಳ ಬಾಲ್ಯವನ್ನಂತೂ ನೋಡಲಾಗಲಿಲ್ಲ, ಆ ಒಂದು ಮಾತನ್ನಾದರೂ ಎದುರು ನಿಂತು ಹೇಳುತ್ತೇನೆ ಎಂದು ಅದ್ದು ಹಟ ಹಿಡಿದಿದ್ದ. ತಾನಿಲ್ಲದೆ ನಿಕಾಹ್ ಆಗುವುದೇ ಇಲ್ಲ ಎಂದು ಅವನ ನಂಬಿಕೆ.

ಆಗ ಅವನ ಹಡಗು ಗ್ರೀಸಿನಲ್ಲಿತ್ತು. ಪಿರೇಯಸ್ ಬಂದರಿನಲ್ಲಿ ಅವನಿಗೆ ವಿಪರೀತ ಜ್ವರ ಬಂತು. ಅವನನ್ನು ಆಸ್ಪತ್ರೆಗೆ ಹಾಕಿ, ಹಡಗು ರೋಡ್ಸ್ ದ್ವೀಪಕ್ಕೆ ಹೊರಟುಹೋಯಿತು. ಅಲ್ಲಿ ಸರಕು ಇಳಿಸಿ ನೇರ ಬೊಂಬಾಯಿಗೆ. ಜ್ವರ ಇಳಿದ ಮೇಲೆ ಹಡಗು ಕಂಪೆನಿಯ ಏಜೆಂಟ್ ಇವನನ್ನು ದ್ವೀಪದಿಂದ ದ್ವೀಪಕ್ಕೆ ಸಾಮಾನು ಸಾಗಿಸುವ ಒಂದು ಹಾಯಿದೋಣಿಗೆ ಹತ್ತಿಸಿದ. ಹಡಗು ಹೊರಡುವ ಮೊದಲು ರೋಡ್ಸ್ ಮುಟ್ಟಿದರೆ ಮಗಳ ನಿಕಾಹಿಗೆ ಮುಟ್ಟಿದ ಹಾಗೆ.

ಅರ್ಧ ದಾರಿಯಲ್ಲಿ ಗಾಳಿ ಎದ್ದಿತು. ದೋಣಿಯ ಮುದುಕ ಯಜಮಾನ ಒಂದು ಬೋಳು ದ್ವೀಪದ ಮರೆಗೆ ನುಗ್ಗಿ ಲಂಗರು ಹಾಕಿ, ಹಾಯಿ ಸುತ್ತಿಟ್ಟು, ಬಾಯಿಗೆ ಪೈಪು ಇಟ್ಟುಕೊಂಡು ಕೂತುಬಿಟ್ಟ. ಊರವರು ಕೆಣಕುತ್ತಿದ್ದ ಗಾಳಿಕುದ್ರು ಇದೇ; ನಮ್ಮ ಕಡೆ ದ್ವೀಪಕ್ಕೆ ಕುದ್ರು ಎನ್ನುತ್ತಾರೆ.

"ನಮ್ಮಲ್ಲಿ ಗಾಳಿ ಬರುದಾದ್ರೆ ಮೊದಲು ಮೋಡ ಬರ್ತದಲ್ಲ ಗೌಡ್ರೇ?" ಎಂದು ಅದ್ದು ನನಗೆ ಹೇಳಿದ್ದ. "ಮೋಡ ಕಂಡ್ರೆ ನಾವು ದೋಣಿ ಕಟ್ಟುದು. ಅಲ್ಲಿ ಆಕಾಶ ತೊಳೆದಿಟ್ಟ ಬಟ್ಟಲಿನ ಹಾಗೆ. ಒಂದು ಹನಿ ಮಳೆ ಇಲ್ಲ, ಸಿಡಿಲಿಲ್ಲ. ಸುಡುವ ಬಿಸಿಲು. ಈ ಮುದುಕ ಸೋಮಾರಿ, ಸುಮ್ಮನೆ ಕೂತಿದ್ದಾನೆ ಅಂತ ಎಣಿಸಿದೆ."

ಆಕಾಶ ತೋರಿಸಿ ಜಗಳಾಡಿದ. ಮುದುಕನಿಗೆ ಇವನ ಭಾಷೆ ಬಾರದು, ಇವನಿಗೆ ಮುದುಕನದು. ಅವನು ಸಮುದ್ರ ತೋರಿಸಿ ತಲೆ ಅಲ್ಲಾಡಿಸಿದ, ಅಷ್ಟೇ. ತಂತಿ ಕಳಿಸುವ ಅಂಚೆಕಚೇರಿ ಎದುರಿನ ದ್ವೀಪದಲ್ಲಿತ್ತು. ಆ ದ್ವೀಪವೋ, ಆಚೆ ದಡದಿಂದ ಸವಣೂರು ಕಂಡ ಹಾಗೆ ಕಣ್ಣೆದುರೇ ನಿಂತಿತ್ತು. ಬೆಳಗಾದರೆ ಗಾಳಿ, ಮಧ್ಯಾಹ್ನ ಇನ್ನೂ ಜೋರು. ಇಡೀ ದ್ವೀಪದಲ್ಲಿ ನೆಟ್ಟಗೆ ನಿಂತ ಒಂದು ಮರವಿಲ್ಲ. ಜೈಲಿನಲ್ಲಾದರೆ ಬಾಗಿಲು ಎಲ್ಲಿದೆ ಎಂದಾದರೂ ಗೊತ್ತಿರುತ್ತದೆ. ಅಲ್ಲಿ ಎಲ್ಲವೂ ತೆರೆದಿತ್ತು, ಹೊರಗೆ ಕಾಲಿಡಲು ಮಾತ್ರ ದಾರಿಯಿಲ್ಲ. ಅದ್ದು ಬಂಡೆಗಳ ಸಂದಿಯಲ್ಲಿ ಕೂತು ವಲಿಯ ಮಾತನ್ನು ಜೋರಾಗಿ ಹೇಳಿ ಅಭ್ಯಾಸ ಮಾಡುತ್ತಿದ್ದ. ಹೇಳಿದ್ದು ಅವನ ಕಿವಿಗೇ ಬೀಳುತ್ತಿರಲಿಲ್ಲವಂತೆ.

ಒಂದು ದಿನ ತಾಳ್ಮೆ ಕೆಟ್ಟಿತು. ಕಡವಿನ ಮಗ ನಾನು, ಇಷ್ಟು ನೀರು ದಾಟಲಾರೆನೇ ಎಂದು ಯಾರನ್ನೂ ಕೇಳದೆ ಸಣ್ಣ ದೋಣಿ ಬಿಚ್ಚಿ ಹುಟ್ಟು ಹಾಕಿದ. ದ್ವೀಪದ ಮರೆ ದಾಟಿದ್ದೇ ತಡ, ಬಿಸಿಲಿಗೆ ಹೊಳೆಯುತ್ತಿದ್ದ ಆ ಚೆಂದದ ನೀಲಿ ನೀರು ದೋಣಿಯನ್ನು ಎತ್ತಿ ಬಂಡೆಗೆ ಒಗೆಯಿತು. ಮುದುಕ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ನೀರಿಗಿಳಿದು ಇವನನ್ನು ಎಳೆದು ತಂದ. ತಂದವನೇ ಕೆನ್ನೆಗೆ ರಪ್ಪೆಂದು ಬಾರಿಸಿದ. ಆಮೇಲೆ ರೊಟ್ಟಿ ಮುರಿದು ಕೈಗೆ ಕೊಟ್ಟ. ಅದನ್ನು ಹಿಡಿದುಕೊಂಡು ಅದ್ದು ಮಗುವಿನಂತೆ ಅತ್ತ.

ಗಾಳಿ ನಿಂತು ರೋಡ್ಸ್ ಮುಟ್ಟಿದಾಗ ಹಡಗು ಹೋಗಿಯಾಗಿತ್ತು. ಬರಲಾಗುವುದಿಲ್ಲ ಎಂದು ತಂತಿ ಕಳಿಸಲು ಅವನಿಗೆ ಮನಸ್ಸೇ ಬರಲಿಲ್ಲ. ಇನ್ನೊಂದು ಹಡಗು ಸಿಕ್ಕಿ ಅವನು ಊರು ಸೇರುವಾಗ ಮಳೆಗಾಲ ಮುಗಿದಿತ್ತು. ನನ್ನಿಂದಾಗಿ ಮದುವೆ ನಿಂತಿತು, ಮಗಳ ಹೆಸರು ಕೆಟ್ಟಿತು ಎಂದು ದಾರಿಯುದ್ದಕ್ಕೂ ನವೆದು, ಎಲ್ಲರ ಕಾಲು ಹಿಡಿಯಲು ತಯಾರಾಗಿ ಮನೆಯಂಗಳಕ್ಕೆ ಕಾಲಿಟ್ಟ. ಜಗಲಿಯಲ್ಲಿ ಅಲಿ ಕುಂಞಿ ಕಾಲು ಚಾಚಿ ಕೂತು ಚಾ ಕುಡಿಯುತ್ತಿದ್ದ.

ನಿಕಾಹ್ ಹೇಳಿದ ದಿನವೇ ಆಗಿತ್ತು. ಅಪ್ಪ ದೂರದೇಶದಲ್ಲಿದ್ದು ಸುದ್ದಿಯೇ ಇಲ್ಲದಿದ್ದರೆ ಖಾಝಿಯವರು ವಲಿಯ ಜಾಗದಲ್ಲಿ ನಿಲ್ಲಬಹುದು. ಅವರ ಅನುಮತಿ ತಂದು ಮಸೀದಿಯ ಖತೀಬರು ನಡೆಸಿಕೊಟ್ಟಿದ್ದರು. ಹೆಂಡತಿ ಬೀಫಾತುಮ್ಮ ಸಂತೋಷದಿಂದಲೇ ಹೇಳಿದಳು: "ಒಂದೂ ಕಮ್ಮಿಯಾಗ್ಲಿಲ್ಲ. ನೀವು ಬೇಜಾರು ಮಾಡುದು ಬೇಡ."

"ಮದುವೆ ನಿಂತಿದ್ರೆ ನಾಚಿಕೆಯಲ್ಲಿ ಸಾಯ್ತಿದ್ದೆ ಗೌಡ್ರೇ," ಎಂದ ಅದ್ದು. "ನಿಲ್ಲದೆ ಇದ್ದದ್ದು ಅದಕ್ಕಿಂತ ಹೆಚ್ಚು ನೋವಾಯ್ತು. ಇದನ್ನು ಯಾರ ಹತ್ರ ಹೇಳುದು?"

ಆ ದಿನ ಅವನು ಅಳಿಯನ ಎದುರು ಕೂತು ಕೈ ನೀಡಿದನಂತೆ. "ನಿನ್ನ ಕೈ ಕೊಡು. ನನಗೆ ಒಂದು ಮಾತು ಹೇಳ್ಲಿಕ್ಕೆ ಉಂಟು."

ಅಲಿ ಕುಂಞಿ ನಕ್ಕ. "ಅದೆಲ್ಲ ಆಗಿ ಮುಗಿದಿದೆಯಲ್ಲ ಮಾಮ. ಖತೀಬರು ಹೇಳಿದ್ದಾರೆ, ನಾನು ಒಪ್ಪಿದ್ದೇನೆ."

ಅದ್ದುವಿನ ಕೈ ಹಾಗೆಯೇ ಚಾಚಿಕೊಂಡಿತ್ತು. ಒಳಬಾಗಿಲಿನ ಮರೆಯಿಂದ ಝೈನಬಳ ಸ್ವರ ಬಂತು.

"ಬಾಪ ಹೇಳ್ಲಿ. ನೀವು ಕೈ ಕೊಡಿ. ಅವರು ಹೇಳುದನ್ನು ನಾನು ಕೇಳ್ಬೇಕು."

ಅಳಿಯ ಚಾದ ಗ್ಲಾಸು ಕೆಳಗಿಟ್ಟು ಕೈ ಕೊಟ್ಟ. ಅಂಗಳದಲ್ಲಿ ಒಂದು ಎಲೆಯೂ ಅಲುಗುತ್ತಿರಲಿಲ್ಲ. ಗಾಳಿಗೆ ಎದುರಾಗಿ ಅಷ್ಟು ಕೂಗಿ ಕೂಗಿ ಕಲಿತ ಮಾತನ್ನು ಅದ್ದು ಬ್ಯಾರಿ ಮೆಲ್ಲಗೆ, ಮಗಳಿಗೆ ಕೇಳಿಸುವಷ್ಟೇ ಸ್ವರದಲ್ಲಿ ಹೇಳಿದ.